ಜುಲೈ 31ರ ಮಳೆ ಎಲ್ಲಿ ಹೋಯ್ತು?

ಜೂನ್ ಕಳೆದ ಮೇಲೆ ಸಂಸೆಯಲ್ಲಿ ಯಾರೂ ಯಾರನ್ನೂ "ಹೇಗಿದ್ದೀರಿ?" ಅಂತ ವಿಚಾರಿಸುವುದಿಲ್ಲ. "ನಿಮ್ಮಲ್ಲಿ ಎಷ್ಟಾಯ್ತು?" ಅಂತಲೇ ಮಾತು ಶುರು. ಎಷ್ಟಾಯ್ತು ಅಂದರೆ ಮಳೆ. ಉತ್ತರ ಇಂಚು-ಸೆಂಟಿನಲ್ಲೇ ಬರಬೇಕು, ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರಿನಲ್ಲಿ ಹೇಳಿದವನು ಯಾವುದೋ ಇಲಾಖೆಯವನಿರಬೇಕು ಅಂತ ನಾವು ಮಾತು ಕಡಿಮೆ ಮಾಡುತ್ತೇವೆ. ನೀವು ಮೂರು ಇಂಚು ನಲವತ್ತು ಸೆಂಟ್ ಅಂದಿರೋ, ಪಕ್ಕದ ತೋಟದವರು ಒಂದು ಕ್ಷಣ ಆಕಾಶ ನೋಡಿ "ನಮ್ಮಲ್ಲಿ ಮೂರು ಅರವತ್ತು" ಅನ್ನುತ್ತಾರೆ. ಬೇಲಿಯ ಆಚೆಗೂ ಈಚೆಗೂ ಒಂದೇ ಮೋಡ. ಆದರೂ ಇಪ್ಪತ್ತು ಸೆಂಟ್ ಅವರದ್ದೇ ಜಾಸ್ತಿ ಇರಬೇಕು.

ಹೀಗೆ ಜಂಬ ಕೊಚ್ಚುವುದಕ್ಕೆ ದಾಖಲೆ ಬೇಕಲ್ಲ. ಅದಕ್ಕೇ ಈ ಕಡೆಯ ತೋಟಗಳಲ್ಲಿ ಅಂಗಳದ ಮೂಲೆಗೊಂದು ಮಳೆ ಮಾಪಕ, ಜಗಲಿಯ ಗೂಡಿನಲ್ಲೊಂದು ಮಳೆ ಪುಸ್ತಕ. ಕುದುರೆಮುಖದ ಕಡೆಯಿಂದ ಮೋಡ ಕವಿದು, ಕಳಸದ ರಸ್ತೆ ಮೇಲೆ ನೀರು ಹರಿದು, ಹಿಂದೆಲ್ಲ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿಯೇ ಬಂದಾದಾಗಲೂ ಪುಸ್ತಕದ ಆ ದಿನದ ಮನೆ ಮಾತ್ರ ಖಾಲಿ ಬಿಟ್ಟದ್ದಿಲ್ಲ. ಕಂಪ್ಯೂಟರಿನವರು ಅರೇ ಅನ್ನುವುದು ಇದಕ್ಕೇ: ಸಾಲಾಗಿ ಮನೆಗಳು, ಮನೆಗೊಂದು ಸಂಖ್ಯೆ, ಎಲ್ಲವೂ ಒಂದೇ ಜಾತಿಯ ಸರಕು, ಮೊದಲೇ ಗೊತ್ತಿರುವ ಉದ್ದ. ಇನ್ನು ಬೇಕಾದಾಗ ಹೆಸರು ಸೇರಿಸಿ, ಬೇಡದಾಗ ಹೊಡೆದು ಹಾಕುವ ತೋಟದ ಆಳುಗಳ ಹಾಜರಿಯ ಚೆಕ್‌ರೋಲ್ ಉಂಟಲ್ಲ, ಅದು ಲಿಸ್ಟು. ಎರಡೂ ನಮ್ಮಲ್ಲಿ ಇದ್ದವು. ಇಲ್ಲದಿದ್ದದ್ದು ಅವುಗಳಿಂದ ತೊಂದರೆ ಪಡುವ ಹುಡುಗ. ಅವನೂ ಬಂದ.

ತಮ್ಮನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಮನೆಯಿಂದಲೇ ಕೆಲಸ ಅಂತ ಲ್ಯಾಪ್‌ಟಾಪ್ ಹೊತ್ತು ಬಂದಿಳಿದ. ಮನೆ ಉಂಟು, ಕೆಲಸವೂ ಉಂಟು, ನೆಟ್‌ವರ್ಕ್ ಎಲ್ಲುಂಟು ಮಾರಾಯ? ಗುಡ್ಡದ ನೆತ್ತಿಗೆ ಹೋಗಿ ಮೀಟಿಂಗ್ ಮುಗಿಸಿ ಬರುತ್ತಿದ್ದ. ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ಮಿಕ್ಕ ಹೊತ್ತಿನಲ್ಲಿ ಬೇರೆ ಕಂಪನಿಯ ಇಂಟರ್‌ವ್ಯೂಗೆ ಓದುತ್ತಿದ್ದ. ಏನು ಓದುತ್ತಾನೆ ಅಂತ ಇಣುಕಿದರೆ ಎಲ್ಲ ಪಟ್ಟಿಯ ಲೆಕ್ಕಗಳೇ. ಪಟ್ಟಿಯಲ್ಲಿ ಎರಡನೇ ದೊಡ್ಡದು ಯಾವುದು, ಎರಡೆರಡು ಸಲ ಬಂದದ್ದನ್ನು ತೆಗೆ, ತಿರುಗಿಸಿ ಬರೆ, ಕಳೆದುಹೋದ ಸಂಖ್ಯೆ ಹುಡುಕು. "ಇದನ್ನು ಕೇಳಿ ಸಂಬಳ ಕೊಡ್ತಾರಾ?" ಅಂದೆ. "ಇದನ್ನು ಹೇಳದಿದ್ರೆ ಕೊಡುವುದಿಲ್ಲ ದೊಡ್ಡಪ್ಪ" ಅಂದ. ಸುಮ್ಮನೆ ಉದಾಹರಣೆ ಬಿಡಿಸುವುದಕ್ಕಿಂತ ನಮ್ಮ ಮಳೆ ಪುಸ್ತಕವನ್ನೂ ಚೆಕ್‌ರೋಲನ್ನೂ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಗೆ ಹಾಕಿಕೊಡುತ್ತೇನೆ ಅಂತ ಹೊರಟ. ನಾನು ಪುಸ್ತಕ ಕೊಟ್ಟೆ. ತೋಟದ ರೈಟರ್ ಚೆಕ್‌ರೋಲ್ ಕೊಡಲಿಲ್ಲ, ಜೆರಾಕ್ಸ್ ಕೊಟ್ಟರು.

ಮೊದಲ ದಿನವೇ ಹುಡುಗ ಹೇಳಿದ ಸಂಗತಿ ಕೇಳಿ ರೈಟರ್ ಕನ್ನಡಕ ತೆಗೆದಿಟ್ಟರು. ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದಂತೆ. ಚೆಕ್‌ರೋಲಿನ ಮೊದಲನೆಯ ಹೆಸರು ಸೊನ್ನೆಯನೇ ಹೆಸರು. "ಹಾಗಾದ್ರೆ ನಲವತ್ತು ಆಳಿಗೆ ಕೊನೆಯವನ ನಂಬರ್ ಮೂವತ್ತೊಂಬತ್ತಾ? ಒಬ್ಬನ ಬಟವಾಡೆ ಯಾರ ಕೈಯಿಂದ ಕೊಡೋದು?" ಅಂತ ರೈಟರ್. ಹುಡುಗ ಸುಮ್ಮನಾಗಲಿಲ್ಲ. ಡೈಕ್‌ಸ್ಟ್ರಾ ಅಂತ ನೆದರ್ಲೆಂಡ್ಸ್ ದೇಶದ ದೊಡ್ಡ ವಿದ್ವಾಂಸ 1982ರಲ್ಲಿ ಇದಕ್ಕೆಂದೇ ಸಣ್ಣ ಟಿಪ್ಪಣಿ ಬರೆದಿದ್ದಾನೆ, ಸೊನ್ನೆಯಿಂದಲೇ ಯಾಕೆ ಎಣಿಸಬೇಕು ಅಂತ. ಮೊದಲ ಸಂಖ್ಯೆಯನ್ನು ಒಳಗೆ ಸೇರಿಸಿ ಕೊನೆಯದನ್ನು ಹೊರಗೆ ಬಿಟ್ಟರೆ, ಕೊನೆಯದರಿಂದ ಮೊದಲನೆಯದನ್ನು ಕಳೆದಾಗ ಸರಿಯಾಗಿ ಉದ್ದ ಬರುತ್ತದೆ. ಒಂದು ಸಾಲು ಮುಗಿದಲ್ಲೇ ಮುಂದಿನದು ಶುರುವಾಗುತ್ತದೆ. ಮಾತು ಚೊಕ್ಕವಾಗಿದೆ, ಇಲ್ಲ ಅನ್ನುವುದಿಲ್ಲ. ಫೋರ್ಟ್ರಾನ್, ಆರ್, ಲುವಾ ಭಾಷೆಗಳೆಲ್ಲ ನಮ್ಮ ರೈಟರ್ ಕಡೆ, ಒಂದರಿಂದಲೇ ಎಣಿಸುತ್ತವೆ ಅಂತ ಹುಡುಗ ಬಾಯಿ ತಪ್ಪಿ ಹೇಳಿದ್ದೇ ಹೇಳಿದ್ದು. ರೈಟರ್ ಕನ್ನಡಕ ಮತ್ತೆ ಮೂಗಿಗೇರಿತು. "ಫೋರ್ಟ್ರಾನ್ ಅಂದ್ರೆ ಒಳ್ಳೆ ಮನೆತನದ್ದೇ ಇರಬೇಕು" ಅಂದರು.

ಆ ಡೈಕ್‌ಸ್ಟ್ರಾ ಮಹಾಶಯನ ಚೊಕ್ಕ ಲೆಕ್ಕವೇ ನಮ್ಮ ಪುಷ್ಯ ಮಳೆಯನ್ನು ನುಂಗಿದ್ದು. ವರ್ಷದ ಒಟ್ಟು ಮಳೆ ಕೂಡಿಸಿದರೆ ಪುಸ್ತಕಕ್ಕೂ ಲ್ಯಾಪ್‌ಟಾಪಿಗೂ ತಾಳೆ ಇಲ್ಲ. ಹುಡುಗನದ್ದು ಕಡಿಮೆ. ಸಂಸೆಯಲ್ಲಿ ಮಳೆ ಕಡಿಮೆ ಬಂತು ಅಂತ ತೋರಿಸುವ ಯಂತ್ರವನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ? ಪಕ್ಕದ ತೋಟದವರಿಗೆ ಗೊತ್ತಾದರೆ ಮುಗಿಯಿತು. ತಿಂಗಳು ತಿಂಗಳು ಕೂತು ನೋಡಿದೆವು. ಜೂನ್ ಸರಿ. ಜುಲೈ ಕಮ್ಮಿ. ಆಗಸ್ಟ್ ಕಮ್ಮಿ. ಸೆಪ್ಟೆಂಬರ್ ಸರಿ. ಅವನು ಒಂದರಿಂದ ಮೂವತ್ತೊಂದರ ತನಕ ಅಂತ ರೇಂಜ್(1, 31) ಬರೆದಿದ್ದ. ಕೊನೆಯದನ್ನು ಹೊರಗೆ ಬಿಡುವುದು ಅಲ್ಲಿಯ ಸಂಪ್ರದಾಯ. ಹಾಗಾಗಿ ಮೂವತ್ತಕ್ಕೇ ನಿಂತುಬಿಟ್ಟಿದೆ. ವರ್ಷದಲ್ಲಿ ಏಳು ತಿಂಗಳಿಗೆ 31 ದಿನ. ಏಳು ದಿನದ ಮಳೆ ಮಾಯ. ಜನವರಿ, ಮಾರ್ಚ್, ಡಿಸೆಂಬರಿನದ್ದು ಹೋದರೆ ಹೋಗಲಿ ಅನ್ನಬಹುದು. ಜುಲೈ 31 ಅಂದರೆ ಪುಷ್ಯ ಇನ್ನೂ ಮುಗಿಯದ ದಿನ. ಪುಷ್ಯ ಮಳೆಯನ್ನು ಲೆಕ್ಕದಿಂದ ಬಿಟ್ಟವನಿಗೆ ಮಲೆನಾಡಿನಲ್ಲಿ ಹೆಣ್ಣು ಕೊಡುವವರು ಯಾರು? ಅದನ್ನೇ ಹೇಳಿದೆ. ಅವನು ಮುಖ ಸಣ್ಣದು ಮಾಡಿಕೊಂಡು 31ನ್ನು 32 ಮಾಡಿದ. "ಮೂವತ್ತೊಂದು ಬೇಕಾದ್ರೆ ಮೂವತ್ತೆರಡು ಕೇಳಬೇಕು. ಎಲ್ಲ ಇಲಾಖೆಯಲ್ಲೂ ಇದೇ ಪದ್ಧತಿ" ಅಂತ ರೈಟರ್ ಸಮಾಧಾನ ಹೇಳಿದರು.

ಒಂದರ ವ್ಯತ್ಯಾಸದ ಜಗಳ ನಮಗೇನೂ ಹೊಸದಲ್ಲ, ನಿಜ ಹೇಳಬೇಕೆಂದರೆ. ಬೆಳಿಗ್ಗೆ ಎಂಟಕ್ಕೆ ಮಾಪಕ ನೋಡುತ್ತೇವೆ. ಅದರಲ್ಲಿರುವುದು ಬಹುಪಾಲು ನಿನ್ನೆಯ ಮಳೆ. ನಿನ್ನೆಯ ಮನೆಗೆ ಬರೆಯಬೇಕೋ ಇವತ್ತಿನದ್ದಕ್ಕೋ? ಅಪ್ಪ ಅಳೆದ ದಿನಕ್ಕೆ ಬರೆಯುತ್ತಿದ್ದರು. ಹವಾಮಾನ ಇಲಾಖೆಯೂ ಬೆಳಿಗ್ಗೆ ಎಂಟೂವರೆಗೆ ಅಳೆದು, ಹಿಂದಿನ 24 ಗಂಟೆಯದ್ದನ್ನು ಅಳೆದ ದಿನದ ಹೆಸರಿಗೇ ಹಾಕುತ್ತದೆ. ಪಕ್ಕದ ತೋಟದವರು ಸುರಿದ ದಿನಕ್ಕೆ ಬರೆಯುತ್ತಾರೆ. ಒಂದೇ ಮಳೆ ಎರಡು ತಾರೀಖಿನಲ್ಲಿ ಬಿದ್ದು ತಲೆಮಾರೇ ಕಳೆಯಿತು. ಇಬ್ಬರಲ್ಲಿ ಒಬ್ಬರೂ ತಿದ್ದಿಕೊಂಡಿಲ್ಲ.

ಇನ್ನೊಂದು ತಮಾಷೆ. ನಿನ್ನೆಗಿಂತ ಇವತ್ತು ಎಷ್ಟು ಜಾಸ್ತಿ ಅಂತ ದಿನಾ ತೋರಿಸುವ ಹಾಗೆ ಬರೆದ. ಈ ದಿನದ ಮನೆಯಿಂದ ಒಂದು ಮನೆ ಹಿಂದಕ್ಕೆ ಹೋಗು ಅನ್ನುವುದು ಸೂತ್ರ. ಜನವರಿ 1 ಸೊನ್ನೆಯ ಮನೆ. ಅದರ ಹಿಂದಿನದು -1. ಬೇರೆ ಭಾಷೆಯಾದರೆ ಅಂಥ ಮನೆಯೇ ಇಲ್ಲ ಅಂತ ಜಗಳ ತೆಗೆಯುವುದೂ ಉಂಟು. ಪೈಥಾನ್‌ನಲ್ಲಿ -1 ಅಂದರೆ ಪಟ್ಟಿಯ ಕಟ್ಟಕಡೆಯದು. ಸೌಕರ್ಯಕ್ಕೆಂದು ಇಟ್ಟದ್ದು. ಹಾಗಾಗಿ ಹೊಸ ವರ್ಷದ ಮೊದಲ ದಿನವನ್ನು ಅದೇ ವರ್ಷದ ಡಿಸೆಂಬರ್ 31ರ ಜೊತೆ ಹೋಲಿಸಿ, ಇಷ್ಟು ಕಡಿಮೆ ಅಂತ ಗಂಭೀರವಾಗಿ ಹೇಳಿತು. ಜ್ಯೋತಿಷಿಗಳಿಗೆ ಇದು ಮೊದಲಿಂದ ಗೊತ್ತಿರುವ ವಿದ್ಯೆ.

ಅತಿ ಹೆಚ್ಚು ಮಳೆ ಯಾವ ದಿನ ಅಂತ ಕೇಳಿದರೆ 9.80 ಇಂಚು ಅಂತು, ಪುಸ್ತಕದಲ್ಲಿ 10.40 ಕಣ್ಣಿಗೆ ರಾಚುತ್ತಿದೆ. ಫೈಲಿನಿಂದ ಓದಿದಾಗ ಅಂಕಿಗಳು ಅಕ್ಷರಗಳಾಗಿಯೇ ಬರುತ್ತವಂತೆ, ಅಕ್ಷರದ ಲೆಕ್ಕದಲ್ಲಿ 1ಕ್ಕಿಂತ 9 ದೊಡ್ಡದು, ಮುಂದಿನದನ್ನು ನೋಡುವ ಪ್ರಮೇಯವೇ ಇಲ್ಲ. ಸರಿ, ಸಂಖ್ಯೆಯಾಗಿ ಮಾಡಿದ. ಆಗ 10 ಸೆಂಟಿಗೆ 20 ಸೆಂಟ್ ಕೂಡಿಸಿದರೆ 0.30000000000000004 ಇಂಚು ಬಂತು. ದಶಮಾಂಶದ ಹದಿನೇಳನೆಯ ಸ್ಥಾನದಲ್ಲಿ ನಾಲ್ಕು! 0.1 ಎರಡರ ಲೆಕ್ಕದಲ್ಲಿ ಮುಗಿಯದ ಸಂಖ್ಯೆ, ಎಲ್ಲೋ ಕತ್ತರಿಸಲೇಬೇಕು ಅಂತ ಹುಡುಗನ ವಿವರಣೆ. "ಇಂಚು ಬಿಡು, ಸೆಂಟಿನಲ್ಲೇ ಬರಿ. ಹತ್ತು, ಇಪ್ಪತ್ತು, ಮೂವತ್ತು" ಅಂದೆ. ಲೆಕ್ಕ ಕೂಡಲೇ ಸರಿಯಾಯಿತು. ಪೈಸೆಯಲ್ಲಿ ಬರೆದರೆ ರೂಪಾಯಿಗೂ ಇದೇ ಮದ್ದಂತೆ.

ಬಿಡದೆ ಮಳೆ ಬಂದ ದಿನಗಳ ಅತಿ ಉದ್ದದ ಸಾಲು ಯಾವುದು? ಇದೂ ಇಂಟರ್‌ವ್ಯೂ ಲೆಕ್ಕವೇ. ಮಳೆ ಬಂದರೆ ಎಣಿಕೆಗೆ ಒಂದು ಸೇರಿಸು, ಬರದಿದ್ದರೆ ಎಣಿಕೆ ಸೊನ್ನೆ ಮಾಡು, ಈವರೆಗಿನ ದೊಡ್ಡದನ್ನು ನೆನಪಿಟ್ಟುಕೋ. ಪಟ್ಟಿಯ ಮೇಲೆ ಒಂದೇ ಸುತ್ತು. ಬರೆಯಲು ಅವನಿಗೆ ಒಂದು ಲೋಟ ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಆಮೇಲೆ ಶುರುವಾಯಿತು ನೋಡಿ. ಒಂದು ಸೆಂಟ್ ಸೋನೆ ಬಿದ್ದರೆ ಅದು ಮಳೆಯೋ? ಎಲೆಯಿಂದ ತೊಟ್ಟಿಕ್ಕಿದ್ದು? ನನ್ನ ಹೆಂಡತಿಯ ಪ್ರಕಾರ ಅಂಗಳದ ಬಟ್ಟೆ ಒಳಗೆ ತರಬೇಕಾಯಿತು ಅಂದರೆ ಮಳೆ. ಮೇಸ್ತ್ರಿ ಪ್ರಕಾರ ಆಳು ಕೆಲಸ ನಿಲ್ಲಿಸಿದರೆ ಮಳೆ. ಆಳಿನ ಪ್ರಕಾರ ಮೋಡ ಕಂಡರೂ ಮಳೆ. ಹವಾಮಾನ ಇಲಾಖೆಯವರು 2.5 ಮಿಲಿಮೀಟರ್ ಆದರೂ ಬಿದ್ದರೆ ಮಾತ್ರ ಅದನ್ನು ಮಳೆಯ ದಿನ ಅನ್ನುತ್ತಾರೆ. ನಮ್ಮ ಹತ್ತು ಸೆಂಟ್ ಅಂದರೆ 2.54. ಹೆಚ್ಚುಕಡಿಮೆ ಒಂದೇ! ಮಿಲಿಮೀಟರಿನವರ ಬಗ್ಗೆ ಅವತ್ತಿನಿಂದ ಸ್ವಲ್ಪ ಗೌರವ ಬಂದಿದೆ.

ನನಗೆ ಕಂಡದ್ದಿಷ್ಟು. ಪಟ್ಟಿಯ ಲೆಕ್ಕದಲ್ಲಿ ಲೆಕ್ಕ ಕಾಲುಭಾಗ. ಪಟ್ಟಿಯಲ್ಲಿ ಇರುವುದು ಏನು, ಯಾರು ಅನ್ನುವ ಪಂಚಾಯ್ತಿ ಮುಕ್ಕಾಲು. ಆ ಮುಕ್ಕಾಲನ್ನು ಇಂಟರ್‌ವ್ಯೂನವರು ಕೇಳುವುದೇ ಇಲ್ಲ. ಮಳೆಯಾದರೂ ವಾಸಿ, ಬರೆದ ಮೇಲೆ ಸುಮ್ಮನಿರುತ್ತದೆ. ಚೆಕ್‌ರೋಲಿನಲ್ಲಿರುವುದು ಮನುಷ್ಯರು.

ಚೆಕ್‌ರೋಲಿಗೆ ನಲವತ್ತು ಜನ, ವಾರಕ್ಕೆ ಏಳು ದಿನ. ಹಾಜರಿಯ ಕೋಷ್ಟಕ ಬೇಕು. ಹುಡುಗ ಜಾಣ, ಒಂದೇ ಸಾಲಿನಲ್ಲಿ ಮುಗಿಸಿದ: [[0]*7]*40. ಏಳು ಸೊನ್ನೆಯ ಒಂದು ಸಾಲು, ಅಂಥವು ನಲವತ್ತು. ನೋಡಲು ಚಂದ. ಸೋಮವಾರ ಬೆಳಿಗ್ಗೆ ಒಬ್ಬಳೇ ಒಬ್ಬಳು ಬಂದಿದ್ದಾಳೆ, ಅವಳ ಮುಂದೆ 1 ಹಾಕಿದ. ನಲವತ್ತೂ ಜನ ಹಾಜರ್! ಮಂಗಳವಾರ ಯಾರೋ ಇನ್ನೊಬ್ಬ ಬಂದ. ಮತ್ತೆ ನಲವತ್ತೂ ಜನ. ಆ ನಕ್ಷತ್ರದ ಗುರುತು ಏಳು ಸೊನ್ನೆಯ ಸಾಲನ್ನು ನಲವತ್ತು ಸಲ ಹೊಸದಾಗಿ ಬರೆಯುವುದಿಲ್ಲವಂತೆ. ಬರೆಯುವುದು ಒಂದೇ ಸಲ. ಮಿಕ್ಕ ಮೂವತ್ತೊಂಬತ್ತು ಕಡೆ "ಅಲ್ಲಿ ನೋಡಿ" ಅಂತ ಬೆರಳು ತೋರಿಸುತ್ತದೆ. ಒಂದನ್ನು ಮುಟ್ಟಿದರೆ ಎಲ್ಲವೂ ಬದಲು. ಈ ಸುದ್ದಿ ಲೈನ್ ಮನೆಗೆ ಹೇಗೆ ತಲುಪಿತೋ ದೇವರೇ ಬಲ್ಲ. ಮಾರನೆಯ ದಿನ ಇಬ್ಬರು ಹೆಂಗಸರು ಬಂದು "ಸಣ್ಣ ಧಣಿಗಳ ಲೆಕ್ಕವೇ ಚಲೋ ಉಂಟು, ಅದನ್ನೇ ಇಟ್ಕೊಳ್ಳಿ" ಅಂದರು. ಸಾಲು ಸಾಲನ್ನೂ ಬೇರೆ ಬೇರೆಯಾಗಿ ಹುಟ್ಟಿಸುವ ಹಾಗೆ ತಿದ್ದಿ ಬರೆದ ಮೇಲೆ ಅವರಿಗೆ ಅವನ ಮೇಲಿನ ಪ್ರೀತಿ ಇಳಿಯಿತು.

ಇದರದ್ದೇ ಇನ್ನೊಂದು ರೂಪ: ಚೆಕ್‌ರೋಲಿನ ನಕಲು ಮಾಡಿಟ್ಟಿದ್ದೇನೆ, ಹೆದರಬೇಡಿ ಅಂದಿದ್ದ. ಹೊಸ ಹೆಸರಿಗೆ ಹಳೇ ಪಟ್ಟಿಯನ್ನು ಸಮ ಅಂತ ಬರೆದಿದ್ದ ಅಷ್ಟೇ. ಅದು ನಕಲಲ್ಲ, ಅದೇ ಪಟ್ಟಿಗೆ ಎರಡನೇ ಹೆಸರು. ನಕಲಿನಲ್ಲಿ ಗೀಚಿದ್ದೆಲ್ಲ ಅಸಲಿನಲ್ಲಿ. ಜೆರಾಕ್ಸ್ ಕೊಟ್ಟ ರೈಟರ್ ಏನೂ ಮಾತಾಡಲಿಲ್ಲ. ಅವರು ಆಡದೆ ಬಿಟ್ಟ ಮಾತು ಜಗಲಿಯಲ್ಲಿ ಎಲ್ಲರಿಗೂ ಕೇಳಿಸಿತು.

ಬಟವಾಡೆಯ ದಿನ ಕಾಫಿ ಹಣ್ಣು ಕೊಯ್ಯದೇ ಇದ್ದವರನ್ನು ಪಟ್ಟಿಯಿಂದ ತೆಗೆಯಬೇಕಿತ್ತು. ಕಿಲೋ ಸೊನ್ನೆ ಇದ್ದರೆ ಕಿತ್ತುಹಾಕು. ಒಂದೊಂದೇ ಹೆಸರು ನೋಡುತ್ತಾ ಕಿತ್ತ. ನೋಡಿದರೆ ಒಬ್ಬ ಹಾಗೇ ಉಳಿದಿದ್ದಾನೆ. ನಮ್ಮಲ್ಲಿ ಗಂಡ-ಹೆಂಡತಿಯ ಹೆಸರು ಒಂದರ ಕೆಳಗೊಂದು. ಊರ ಹಬ್ಬಕ್ಕೆ ಹೋದರೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. 12, 0, 0, 30 ಅಂತ ಇಟ್ಟುಕೊಳ್ಳಿ. ಎರಡನೆಯ ಮನೆಯ ಸೊನ್ನೆ, ಅಂದರೆ ಹೆಂಡತಿಯನ್ನು ಕಿತ್ತಾಯಿತು. ಗಂಡ ತಕ್ಷಣ ಮೇಲಕ್ಕೆ ಸರಿದು ಹೆಂಡತಿಯ ಜಾಗದಲ್ಲಿ ಕೂತ. ಎಣಿಕೆಯವನು ಆ ಜಾಗ ನೋಡಿಯಾಯಿತು ಅಂತ ಮೂರನೆಯದಕ್ಕೆ ಹೋದ, ಅಲ್ಲಿ 30. ಗಂಡ ತಪ್ಪಿಸಿಕೊಂಡ. ಉಳಿದದ್ದು 12, 0, 30. ಕಿತ್ತುಹಾಕುವ ಬದಲು, ಉಳಿಯಬೇಕಾದವರನ್ನು ಹೊಸ ಪಟ್ಟಿಗೆ ಬರೆದುಕೊಳ್ಳುವುದೇ ಮರ್ಯಾದೆಯ ದಾರಿ. ರೈಟರ್ ಪ್ರತಿ ತಿಂಗಳೂ ಹೊಸ ಹಾಳೆಗೆ ಹೆಸರು ಎತ್ತಿ ಬರೆಯುವುದು ಇದಕ್ಕೇ ಇರಬೇಕು. ನಾವೆಲ್ಲ ಅದನ್ನು ಟೈಂ ಪಾಸ್ ಅಂದುಕೊಂಡಿದ್ದೆವು.

ಎರಡೆರಡು ಸಲ ಬಂದ ಹೆಸರು ತೆಗೆಯುವ ಕೆಲಸದಲ್ಲಂತೂ ಹಗ್ಗಜಗ್ಗಾಟ. ಸೆಟ್ ಅನ್ನುವುದಕ್ಕೆ ಪಟ್ಟಿಯನ್ನು ಸುರಿದರೆ ಎರಡನೆಯ ಸಲ ಬಂದದ್ದು ತಾನಾಗಿ ಉದುರಿಹೋಗುತ್ತದೆ, ಜೊತೆಗೆ ಹೆಸರುಗಳ ಕ್ರಮವೂ ಚೆಲ್ಲಾಪಿಲ್ಲಿ. ಕ್ರಮ ಉಳಿಯಬೇಕಾದರೆ ಡಿಕ್ಷನರಿಯ ದಾರಿ ಹಿಡಿಯಬೇಕು. 2018ರಲ್ಲಿ ಬಂದ ಪೈಥಾನ್ 3.7ರಿಂದ ಅದು ಹಾಕಿದ ಕ್ರಮವನ್ನೇ ಕಾಯುತ್ತದೆ ಅಂತ ಭರವಸೆ ಕೊಟ್ಟಿದ್ದಾರೆ. ಹೀಗೆ ಮಾಡಿದ ಮೇಲೆ ನಮ್ಮ ತೋಟದಲ್ಲಿ ಲಕ್ಷ್ಮಿ ಒಬ್ಬಳೇ ಉಳಿದಳು. ಇದ್ದವರು ಇಬ್ಬರು, ಮೇಲಿನ ಲೈನಿನ ಲಕ್ಷ್ಮಿ, ಕೆಳಗಿನ ಲೈನಿನ ಲಕ್ಷ್ಮಿ, ಇಬ್ಬರಿಗೂ ಮಾತಿಲ್ಲ. ಅತ್ತ ಅಸ್ಸಾಮಿನಿಂದ ಬಂದ ತಂಡದಲ್ಲಿ ಒಬ್ಬನ ಹೆಸರನ್ನು ಕಿವಿಗೆ ಬಿದ್ದ ಹಾಗೆ ಎರಡು ನಮೂನೆ ಬರೆದಿದ್ದರಿಂದ ಅವನು ಇಬ್ಬರಾಗಿ ನಿಂತಿದ್ದ. ಒಂದೇ ಹೆಸರಿನ ಇಬ್ಬರು ಒಬ್ಬರಾದರು, ಎರಡು ಹೆಸರಿನ ಒಬ್ಬ ಇಬ್ಬರಾದ. ಒಟ್ಟು ಮಾತ್ರ ಸರಿಯಾಗಿ ನಲವತ್ತು! ಒಟ್ಟು ತಾಳೆ ಆಯಿತು ಅಂತ ಹುಡುಗ ಖುಷಿಯಲ್ಲಿದ್ದ.

ಆಮೇಲೆ ಅಕಾರಾದಿ. ಜೋಡಿಸುವ ವಿದ್ಯೆಯಲ್ಲಿ ಪೈಥಾನ್ ಗಟ್ಟಿ ಕುಳ. 2002ರಲ್ಲಿ ಟಿಮ್ ಪೀಟರ್ಸ್ ಎಂಬಾತ ಮಾಡಿಕೊಟ್ಟ ಟಿಮ್‌ಸಾರ್ಟ್ ಅನ್ನುವ ಉಪಾಯ ಅದರದ್ದು. ಪಟ್ಟಿಯಲ್ಲಿ ಆಗಲೇ ಕ್ರಮದಲ್ಲಿರುವ ತುಂಡುಗಳನ್ನು ಹುಡುಕಿ, ಅವನ್ನು ಕೆಡಿಸದೆ ಒಂದಕ್ಕೊಂದು ಸೇರಿಸುತ್ತದೆ. ಇಬ್ಬರು ಸಮಸಮ ಕಿಲೋ ಕೊಯ್ದಿದ್ದರೆ ಮೊದಲಿದ್ದವರೇ ಮೊದಲು. ತಕ್ಕಡಿ ಮುಂದೆ ಇದಕ್ಕಿಂತ ದೊಡ್ಡ ನ್ಯಾಯ ಇಲ್ಲ. ಅದಕ್ಕೊಂದೇ ಬಿಗುಮಾನ: ಪಟ್ಟಿಗೆ "ಜೋಡಿಸಿಕೋ" ಅಂದರೆ ಜೋಡಿಸಿಕೊಳ್ಳುತ್ತದೆ, ತಿರುಗಿ ಕೈಗೆ ಏನೂ ಕೊಡುವುದಿಲ್ಲ. ಕೊಡುತ್ತದೆ ಅಂತ ಕಾದವರಿಗೆ ಸಿಗುವುದು ನನ್, ಅಂದರೆ ಶೂನ್ಯಕ್ಕಿಂತಲೂ ಕಡೆ.

ಅದಿರಲಿ, ಜೋಡಿಸಿದ ಪಟ್ಟಿಯಲ್ಲಿ ಕಾವೇರಿಗಿಂತ ಮೊದಲು ಕಾಳಮ್ಮ ಬಂದು ಕೂತಿದ್ದಳು. ರೈಟರ್ ಎದ್ದು ನಿಂತರು. ನಮ್ಮ ಅಕ್ಷರಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಆದ ಮೇಲೆ ಳ. ಅದು ಒಂದನೇ ತರಗತಿಯ ಪಾಠ. ಕಂಪ್ಯೂಟರಿನ ಯೂನಿಕೋಡ್ ಅಂಕಿಗಳಲ್ಲಿ ಲ ಆದ ಕೂಡಲೇ ಳ, ಆಮೇಲೆ ವ. ಭಾರತದ ಲಿಪಿಗಳಿಗೆಲ್ಲ ಇಸ್ಕಿ ಅನ್ನುವ ಒಂದೇ ನಕ್ಷೆ ಹಾಕಿದ್ದರು, ಯೂನಿಕೋಡಿನವರು ಅದನ್ನೇ ಎತ್ತಿಕೊಂಡರು. ಕನ್ನಡದ ಅಕಾರಾದಿ ಬೇಕಾದರೆ ಕ್ರಮವನ್ನು ನಾವೇ ಬೇರೆ ಬರೆದುಕೊಡಬೇಕು. ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಕನ್ನಡ ತಂತ್ರಾಂಶದ ಬೆನ್ನು ಬಿದ್ದಿದ್ದು ಸುಮ್ಮನೆ ಅಲ್ಲ. ಹೋಗಲಿ, "ಸಂಸೆ" ಅಂತ ಬರೆದು ಇದರ ಉದ್ದ ಎಷ್ಟು ಅಂತ ಕೇಳಿಸಿದೆ. ನಾಲ್ಕು ಅಂತು. ನಾವು ಎರಡಕ್ಷರ ಅಂದುಕೊಂಡೇ ಇಷ್ಟು ವರ್ಷ ಬದುಕಿದ್ದೆವು. ಅದು ಸ, ಸೊನ್ನೆ, ಸ, ಎತ್ವ ಅಂತ ಬಿಡಿಸಿ ಎಣಿಸುತ್ತದೆ. ತಿರುಗಿಸು ಅಂದರೆ ಎತ್ವ ಹಿಡಿಯಲು ವ್ಯಂಜನವೇ ಸಿಗದೆ ಮುಂದೆ ಬಂದು ನೇತಾಡುತ್ತಾ ನಿಂತಿತು. ಹಾಗಂತ ಕನ್ನಡ ಅಂದರೆ ಅದಕ್ಕೆ ಅಲರ್ಜಿ ಅನ್ನಬೇಡಿ. ೧೨ ಅಂತ ಕನ್ನಡದ ಅಂಕಿಯಲ್ಲೇ ಬರೆದು ಸಂಖ್ಯೆ ಮಾಡಿಕೋ ಅಂದರೆ ತಕರಾರಿಲ್ಲದೆ 12 ಅನ್ನುತ್ತದೆ. ಈ ಸೌಜನ್ಯ ಎಷ್ಟೋ ಬ್ಯಾಂಕಿನ ಕೌಂಟರಿನಲ್ಲಿ ಸಿಗುವುದಿಲ್ಲ.

ಮೂಟೆಯ ಲೆಕ್ಕದಲ್ಲಿ ಮಾತ್ರ ಹುಡುಗ ಮಾನ ಉಳಿಸಿಕೊಂಡ. ಕ್ಯೂರಿಂಗ್ ವರ್ಕ್ಸಿಗೆ ಹೋಗುವ ನೂರು ಮೂಟೆಗೆ ಒಂದರಿಂದ ನೂರರ ತನಕ ನಂಬರ್. ಇಳಿಸಿದ್ದು ತೊಂಬತ್ತೊಂಬತ್ತು. ಯಾವುದು ಇಲ್ಲ? ಒಂದರಿಂದ ನೂರರ ಮೊತ್ತ 5050, ಇಳಿಸಿದವುಗಳ ಮೊತ್ತ 5013, ಹೋದದ್ದು 37. ಪಟ್ಟಿ ಜೋಡಿಸುವುದೂ ಬೇಡ, ಹುಡುಕುವುದೂ ಬೇಡ. ಜೀಪಿನವನು ಬೆಚ್ಚಿಬಿದ್ದು "ಮೂವತ್ತೇಳು ಸೀಟಿನ ಹಿಂದೆ ಉಂಟು ಅಯ್ಯಾ, ಈಗ ಕಂಡಿತು" ಅಂದ. ಎರಡು ಮೂಟೆ ಕಾಣೆಯಾದರೆ ಈ ಸೂತ್ರ ಕೈಕೊಡುತ್ತದೆ ಅನ್ನುವುದನ್ನು ಅವನೆದುರು ಹೇಳಬಾರದು ಅಂತ ಹುಡುಗನಿಗೆ ಕಣ್ಣು ಮಿಟುಕಿಸಿದೆ.

ಅದೇ ಹುರುಪಿನಲ್ಲಿ ಮೆಣಸಿಗೂ ಕೈಹಾಕಿದ. ಇಂಟರ್‌ವ್ಯೂನಲ್ಲಿ ಅತಿ ಹೆಚ್ಚು ಕೇಳುವ ಲೆಕ್ಕಗಳಲ್ಲಿ ಇದೊಂದು: ದಿನದಿನದ ರೇಟಿನ ಪಟ್ಟಿ ಕೊಟ್ಟಿದೆ, ಯಾವತ್ತು ಕೊಂಡು ಯಾವತ್ತು ಮಾರಿದರೆ ಲಾಭ ಹೆಚ್ಚು? ಸುಮ್ಮನೆ ಮಾತಿಗೆ 480, 510, 470, 560, 530 ಅಂತಿಟ್ಟುಕೊಳ್ಳಿ. ಪಟ್ಟಿಯ ಮೇಲೆ ಒಂದೇ ಸುತ್ತು ಹೋಗುತ್ತಾ, ಈವರೆಗಿನ ಕಡಿಮೆ ರೇಟು ಯಾವುದು ಅಂತ ನೆನಪಿಟ್ಟುಕೊಂಡು, ಇವತ್ತು ಮಾರಿದರೆ ಎಷ್ಟು ಬರುತ್ತದೆ ಅಂತ ನೋಡಬೇಕು. 470ಕ್ಕೆ ಕೊಂಡು 560ಕ್ಕೆ ಮಾರಿದರೆ 90 ಲಾಭ. ಮೆಣಸು ಕೊಯ್ದು ಒಣಗಿಸಿ, ರೇಟು ಏರುತ್ತದೆ ಅಂತ ಚೀಲ ಕಟ್ಟಿಟ್ಟು, ಏರಿದಾಗ ಇನ್ನೂ ಏರುತ್ತದೆ ಅಂತ ಕಾದು, ಇಳಿದಾಗ ಮತ್ತೆ ಏರುತ್ತದೆ ಅಂತ ಕೂತ ಈ ಗುಡ್ಡಗಳ ಸಮಸ್ತರಿಗೂ ಬೇಕಾದ ವಿದ್ಯೆ. ಸುದ್ದಿ ಹೇಳಿದ ಕೂಡಲೇ ಪಕ್ಕದ ತೋಟದವರು ಕಂಬಳಿ ಕೊಡವಿಕೊಂಡು ಬಂದು ಲ್ಯಾಪ್‌ಟಾಪಿನ ಎದುರು ಕೂತರು. ಕಳೆದ ವರ್ಷದ ರೇಟುಗಳನ್ನು ಹುಡುಗ ಪಟ್ಟಿಗೆ ಹಾಕಿದ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತಾರೀಖು ಬಂತು.

"ಈ ದಿನ ಮಾರಬೇಕಿತ್ತು ಮಾವ" ಅಂದ.

ಅವರು ತಾರೀಖನ್ನು ಎರಡು ಸಲ ಓದಿದರು. "ಕಳೆದ ವರ್ಷ ಯಾವತ್ತು ಮಾರಬೇಕಿತ್ತು ಅಂತ ನಮ್ಮ ಮನೆಯವಳೂ ಹೇಳ್ತಾಳೆ ಮಾರಾಯ" ಅಂದರು. "ಕರೆಂಟ್ ಇಲ್ಲದಿದ್ರೂ ಹೇಳ್ತಾಳೆ."